ಎರಡು ಕೈಗಳ ಚಿತ್ರವಿದ್ದ ಚೀಲ

ಪ್ರವಾಸ ಮುಗಿಸಿ ಬಂದವರನ್ನು ನಮ್ಮ ಕಡೆ ಯಾರೂ ‘ಏನೇನು ನೋಡಿದಿರಿ’ ಎಂದು ಕೇಳುವುದಿಲ್ಲ. ‘ಏನು ಉಂಡಿರಿ’ ಎಂದೇ ಕೇಳುತ್ತಾರೆ. 2025ರ ಬೇಸಿಗೆ ರಜೆಯಲ್ಲಿ ಮಗಳ ಹಟಕ್ಕೆ ಕಟ್ಟುಬಿದ್ದು ವಿಯೆಟ್ನಾಮಿಗೆ ಹೋಗಿ ಹದಿಮೂರು ದಿನ ಅಲೆದು ಬಂದೆ. ಮೇ ತಿಂಗಳ ಕೊನೆಗೆ ಶಾಲೆ ತೆರೆದ ದಿನ ಸ್ಟಾಫ್ ರೂಮಿನಲ್ಲಿ ಕಾಲಿಟ್ಟ ಕೂಡಲೇ ಅದೇ ಪ್ರಶ್ನೆ. “ಅಲ್ಲಿ ಹಾವು, ಕಪ್ಪಿ ಎಲ್ಲಾ ತಿಂತಾರಂತಲ್ರೀ ಮೇಡಂ, ನೀವೇನು ತಿಂದ್ರಿ?” “ಬ್ರೆಡ್ಡು” ಎಂದೆ. ಎಲ್ಲರ ಮುಖವೂ ಸಪ್ಪಗಾಯಿತು. ಬ್ರೆಡ್ಡು ತಿನ್ನಲಿಕ್ಕೆ ವಿಮಾನ ಹತ್ತಬೇಕೇ, ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿ ಸಾಲದೇ ಎಂದು ಗಣಿತದ ಮಾಸ್ತರರು ನಕ್ಕರು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಬಿ.ಎ., ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಲು ನಿಂತು ನನಗೆ ಮೂರು ದಶಕಗಳು ಕಳೆದಿವೆ. ಇಷ್ಟು ವರ್ಷವೂ ವಿಯೆಟ್ನಾಂ ಎಂದರೆ ಶೀತಲ ಸಮರದ ಪಾಠದ ನಡುವೆ ನಾನು ಹೇಳಿ ಮುಗಿಸುವ ನಾಲ್ಕು ಸಾಲು. 1954ರಲ್ಲಿ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರ ಸೋಲು, ದೇಶ ಎರಡು ಹೋಳು, ಅಮೆರಿಕದ ಪ್ರವೇಶ, 1975ರ ಏಪ್ರಿಲ್ 30ರಂದು ಸೈಗಾನಿನ ಪತನ. ಅಷ್ಟೇ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಅಷ್ಟು ಸಾಕು.

ನಮ್ಮದು ಮಾಂಸ ಮೀನು ಮುಟ್ಟದ ಮನೆತನ. ಹೀಗಾಗಿ ಹೊರಡುವ ಮುನ್ನ ಎಂಬತ್ತನಾಲ್ಕರ ಅವ್ವ ತಾನೇ ಕೂತು ಸೊಸೆಯ ಕೈಲಿ ಕಟಕ ರೊಟ್ಟಿ ಬಡಿಸಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಸಿಕೊಟ್ಟಳು. ಮಗಳಿಗೆ ನಗು. “ಅಮ್ಮಾ, ಅದು ಅಕ್ಕಿ ಬೆಳೆಯೋ ದೇಶ, ಉಪವಾಸ ಬೀಳೂದಿಲ್ಲ” ಎಂದಳು. ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವಳು, ಅವಳಿಗೆ ಎಲ್ಲವೂ ಮೊದಲೇ ಗೊತ್ತು. ಆದರೆ ಆ ರೊಟ್ಟಿಯ ಗಂಟೇ ನನಗೆ ಮೊದಲ ಪಾಠ ಕಲಿಸಿತು.

ನಾವು ಮೊದಲು ಇಳಿದದ್ದು ಹನೋಯ್ ನಗರದಲ್ಲಿ. ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ ಅತಿಥಿಗೃಹ. ನಾಲ್ಕು ಮಹಡಿ, ಅಗಲ ಮಾತ್ರ ನಮ್ಮ ಮನೆಯ ಪಡಸಾಲೆಯಷ್ಟೇ. ಬೆಳಗಿನ ಆರು ಗಂಟೆಗೇ ಬೀದಿಯ ತುಂಬ ಮೊಳಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು. ಸಣ್ಣವರು, ದೊಡ್ಡವರು, ಆಫೀಸಿಗೆ ಹೊರಟವರು ಎಲ್ಲರೂ ಬಗ್ಗಿ ಕೂತು ಬಟ್ಟಲಿನಲ್ಲಿ ಮುಖ ಇಟ್ಟಿರುತ್ತಾರೆ. ಬಟ್ಟಲಿನಲ್ಲಿರುವುದು ‘ಫೋ’. ಹೀಗೆ ಬರೆಯುತ್ತೇನೆ, ಆದರೆ ಅವರು ಹೇಳುವಾಗ ಅದು ‘ಫ’ಕ್ಕೆ ಹತ್ತಿರವಾಗಿ, ಪ್ರಶ್ನೆ ಕೇಳಿದಂತೆ ಸ್ವರ ಏರಿಸಿ ನಿಲ್ಲುತ್ತದೆ. ರಾತ್ರಿಯಿಡೀ ಕುದಿಸಿದ ಎಲುಬಿನ ಸಾರು, ಅದರಲ್ಲಿ ಸುಟ್ಟ ಶುಂಠಿ, ಸುಟ್ಟ ಉಳ್ಳಾಗಡ್ಡಿ, ಚಕ್ರಮೊಗ್ಗು, ದಾಲ್ಚಿನ್ನಿ. ಕೆಳಗೆ ಅಕ್ಕಿಹಿಟ್ಟಿನ ಅಗಲ ಶಾವಿಗೆ, ಮೇಲೆ ತೆಳ್ಳಗೆ ಕೊಯ್ದ ಗೋಮಾಂಸ. ಇದನ್ನು ಆ ದೇಶದ ಸನಾತನ ಊಟವೆಂದು ತಿಳಿದಿದ್ದೆ. ಅಲ್ಲವಂತೆ. ಅದಕ್ಕೆ ನೂರು ನೂರಿಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಆಯುಷ್ಯವಿಲ್ಲ. ಅಲ್ಲಿಯೂ ದನವೆಂದರೆ ಉಳುವ ಪ್ರಾಣಿ, ಕೊಂದು ತಿನ್ನುವ ರೂಢಿ ಕಡಿಮೆ. ಫ್ರೆಂಚರು ಬಂದ ಮೇಲೆ ಅವರ ಊಟಕ್ಕೆ ದನ ಕಡಿಯುವುದು ಹೆಚ್ಚಾಯಿತು, ಉಳಿದ ಎಲುಬು ಬಡವರ ಗಡಿಗೆಗೆ ಬಿತ್ತು. ಹನೋಯ್ ಮತ್ತು ಅದರ ದಕ್ಷಿಣದ ನಾಮ್ ದಿನ್ ಸೀಮೆಯಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು ತಿರುಗುತ್ತಿದ್ದ ವ್ಯಾಪಾರಿಗಳು ಅದನ್ನು ಬೀದಿಯ ಊಟ ಮಾಡಿದರು.

ಇಷ್ಟು ಹೇಳಿದವಳು ಅತಿಥಿಗೃಹದ ಸೊಸೆ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಅವಳ ಅತ್ತೆ, ಎಪ್ಪತ್ತಾರು ವರ್ಷದ ಹಿರಿಯಳು, ಬಾಗಿಲ ಬಳಿ ಕೂತು ಸೊಪ್ಪು ಸೋಸುತ್ತಿದ್ದಳು. ಆಕೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ ಎಂದು ತಿಳಿದ ಮೇಲೆ ನಮ್ಮಿಬ್ಬರಿಗೂ ಭಾಷೆಯ ಅಡ್ಡಿ ಅರ್ಧ ಕಡಿಮೆಯಾಯಿತು. ಮಾಸ್ತರಿಕೆ ಮಾಡಿದವರನ್ನು ಮಾಸ್ತರಿಕೆ ಮಾಡಿದವರು ಬೆರಳಿನ ಮೇಲಿನ ಸೀಮೆಸುಣ್ಣ ನೋಡದೆಯೂ ಗುರುತಿಸುತ್ತಾರೆ.

ನಾನು ಸೊಸೆಯ ಮೂಲಕ ಕೇಳಿದೆ: ಮಾಂಸವಿಲ್ಲದ ಫೋ ಸಿಕ್ಕೀತೇ? ಮಾತು ಅತ್ತೆಗೆ ಮುಟ್ಟಿದ್ದೇ ತಡ, ಆಕೆ ಸೊಪ್ಪು ಬಿಟ್ಟು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ತಿಳಿಯಿತು. ಮಾಂಸವಿಲ್ಲದ ಫೋಗೆ ಅವರಲ್ಲಿ ಒಂದು ಹೆಸರಿದೆ: ‘ಚಾಲಕನಿಲ್ಲದ ಫೋ’. ಯುದ್ಧದ ಕಾಲದಲ್ಲಿ ಉತ್ತರ ವಿಯೆಟ್ನಾಮಿನ ಮೇಲೆ ಅಮೆರಿಕದ ಚಾಲಕರಹಿತ ವಿಮಾನಗಳು ಚಿತ್ರ ತೆಗೆಯಲು ಹಾರಾಡುತ್ತಿದ್ದವು. ಅದೇ ಕಾಲಕ್ಕೆ ಸರಕಾರಿ ಉಪಾಹಾರ ಗೃಹಗಳಲ್ಲಿ ಮಾಂಸ ಮಾಯವಾಗಿ, ಬಿಸಿನೀರಿನಂಥ ಸಾರಿನಲ್ಲಿ ಬರೀ ಶಾವಿಗೆ ತೇಲುತ್ತಿತ್ತು. ವಿಮಾನದಲ್ಲಿ ಚಾಲಕನಿಲ್ಲ, ಬಟ್ಟಲಿನಲ್ಲಿ ಮಾಂಸವಿಲ್ಲ. ಬಾಂಬು ಬೀಳುವಾಗಲೂ ಹೀಗೆ ಹೆಸರಿಟ್ಟು ನಗುವ ಜನ! ಆ ಹಸಿವಿನ ಊಟವನ್ನು ನಾನು ದುಡ್ಡು ಕೊಟ್ಟು ಕೇಳುತ್ತಿದ್ದೆ. ಆಕೆಗೆ ನಗು ಬಾರದೆ ಏನಾದೀತು?

ಮರುದಿನ ಬೆಳಿಗ್ಗೆ ಆಕೆಯೇ ಅಣಬೆ, ಮೂಲಂಗಿ, ಗಜ್ಜರಿ ಹಾಕಿ ಸಾರು ಕುದಿಸಿ ನನಗೊಂದು ಫೋ ಮಾಡಿಕೊಟ್ಟಳು. ಮೇಲೆ ಸೋಯಾ ಗಿಣ್ಣ, ಹಸಿ ಕೊತ್ತಂಬರಿ, ಒಂದು ಹೋಳು ನಿಂಬೆ. ಮೆಣಸಿನಕಾಯಿ ಬೇಕಾದಷ್ಟು. ಹಿತವಾದ ಊಟ, ಜ್ವರ ಬಿಟ್ಟ ಮೇಲೆ ಕುಡಿಯುವ ಸಾರಿನ ಹಾಗೆ ಎದೆಯವರೆಗೂ ಇಳಿಯುತ್ತದೆ. ನಾನು ಉಣ್ಣುತ್ತಿರುವಾಗ ಆಕೆ ತನ್ನ ಕಾಲದ ಕಥೆ ಹೇಳಿದಳು. 1975ರಲ್ಲಿ ಯುದ್ಧ ಗೆದ್ದ ಮೇಲೆ ಹೊಟ್ಟೆ ತುಂಬೀತೆಂದು ಎಲ್ಲರೂ ನಂಬಿದ್ದರಂತೆ. ಬಂದದ್ದು ಇನ್ನೂ ಹತ್ತು ವರ್ಷದ ರೇಷನ್. ಅಕ್ಕಿ, ಉಪ್ಪು, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಚೀಟಿ. ಬೆಳಗಿನ ಜಾವಕ್ಕೆ ಎದ್ದು ಸಾಲಿನಲ್ಲಿ ತಮ್ಮ ಬದಲಿಗೆ ಒಂದು ಇಟ್ಟಿಗೆ ಇಟ್ಟು ಶಾಲೆಗೆ ಹೋಗುವುದು. ಯಾರಾದರೂ ಕಳೆಗುಂದಿ ಕೂತಿದ್ದರೆ ‘ಅಕ್ಕಿ ಪುಸ್ತಕ ಕಳಕೊಂಡವರ ಮುಖ’ ಎನ್ನುವ ಮಾತು ಅಲ್ಲಿ ಇವತ್ತಿಗೂ ಬಳಕೆಯಲ್ಲಿದೆ.

ಅಕ್ಕಿ ಸಾಲದೆ ಬಂದಾಗ ‘ಬೋ ಬೋ’ ಎಂಬ ಕಾಳು ಕೊಡುತ್ತಿದ್ದರು ಎಂದಳು. ಗಟ್ಟಿ ಕಾಳು, ಸಿಪ್ಪೆ ಬಿಡದು, ಎಷ್ಟು ಕುದಿಸಿದರೂ ಬೇಯದು, ತಿಂದದ್ದು ತಿಂದ ಹಾಗೇ ಹೊರಬೀಳುವುದು. ಹೇಳುವಾಗ ಆಕೆಯ ಮುಖ ಕಹಿಯಾಯಿತು. ಅದೇನು ಕಾಳೆಂದು ಸೊಸೆ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದಳು. ನೋಡಿದರೆ ಜೋಳ! ವಿಜಯಪುರ ಸೀಮೆಯವಳು ನಾನು, ಜೋಳದ ರೊಟ್ಟಿಯಿಲ್ಲದೆ ಊಟ ಆಯಿತೆಂದು ಹೇಳುವವರಲ್ಲ ನಾವು. ಎದ್ದು ಕೋಣೆಗೆ ಹೋಗಿ ಅವ್ವನ ಗಂಟು ಬಿಚ್ಚಿ ಒಂದು ಕಟಕ ರೊಟ್ಟಿ, ಒಂದು ಚಮಚ ಶೇಂಗಾ ಹಿಂಡಿ ತಂದು ಆಕೆಯ ಮುಂದಿಟ್ಟೆ. ಇದೇ ಕಾಳು ಎಂದೆ. ಆಕೆ ಮುರಿದಳು, ಮೂಸಿದಳು, ಕಟಂ ಎಂದು ಕಡಿದಳು. ಬಹಳ ಹೊತ್ತು ಅಗಿದಳು. ಆಮೇಲೆ ಸೊಸೆಗೆ ಏನೋ ಹೇಳಿದಳು. ಸೊಸೆ ಅನುವಾದಿಸಿದ್ದು ಇಷ್ಟು: “ಬೀಸಿ ತಿನ್ನಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ.”

ಆ ಮನೆಯಲ್ಲಿ ಇನ್ನೊಂದು ಸಂಗತಿ ಕಂಡೆ. ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟ ಅಕ್ಕಿಯ ಒಂದು ಮಣ್ಣಿನ ಗಡಿಗೆ. ಅದರಿಂದ ಯಾರೂ ಅಕ್ಕಿ ತೆಗೆಯುವಂತಿಲ್ಲ; ಹೊಸ ಅಕ್ಕಿ ಬಂದಾಗ ಹಳೆಯದನ್ನು ಬದಲಿಸುತ್ತಾರೆ, ಅಷ್ಟೇ. ಅದು ಹಿರಿಯಳ ತಾಯಿ ಇಟ್ಟ ಪದ್ಧತಿ. ತಾಯಿ ಥಾಯ್ ಬಿನ್ ಪ್ರಾಂತದವಳು, 1945ರ ಬರಗಾಲವನ್ನು ದಾಟಿ ಬದುಕಿದವಳು.

ಈ ಬರಗಾಲ ನನ್ನ ನಾಲ್ಕು ಸಾಲಿನ ಪಾಠದಲ್ಲಿ ಎಂದೂ ಬಂದಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಇಂಡೋಚೈನಾದೊಳಗೆ ಬಂದು ಕೂತಾಗ ಫ್ರೆಂಚ್ ಆಡಳಿತವೂ ಅವರ ಜೊತೆಗೇ ಮುಂದುವರಿಯಿತು. ರೈತನ ಬತ್ತವನ್ನು ಇಬ್ಬರೂ ಕಡ್ಡಾಯವಾಗಿ ಎತ್ತಿದರು. ಉತ್ತರದಲ್ಲಿ ಗದ್ದೆಗಳನ್ನು ಬಿಡಿಸಿ ಸೆಣಬು ಬೆಳೆಸಿದರು. ದಕ್ಷಿಣದಲ್ಲಿ ಅಕ್ಕಿ ಇತ್ತು, ಅದನ್ನು ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಬದಲಿಗೆ ಸುಟ್ಟರು. ಆದರೆ ಉತ್ತರಕ್ಕೆ ಸಾಗಿಸುವ ರೈಲುದಾರಿ, ಬಂದರುಗಳ ಮೇಲೆ ಅಮೆರಿಕದ ಬಾಂಬು ಬೀಳುತ್ತಿತ್ತು. ಮೇಲೆ ಬಿರುಗಾಳಿ, ಪ್ರವಾಹ. 1944ರ ಚಳಿಗಾಲದಿಂದ 1945ರ ಬೇಸಿಗೆಯೊಳಗೆ ಸತ್ತವರ ಲೆಕ್ಕ ಒಬ್ಬೊಬ್ಬ ಇತಿಹಾಸಕಾರರಲ್ಲಿ ಒಂದೊಂದು. ನಾಲ್ಕು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ. 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಓದಿದ ಸ್ವಾತಂತ್ರ್ಯ ಘೋಷಣೆಯಲ್ಲಿಯೂ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಈ ಸಾವುಗಳ ಮಾತಿದೆ. ಮುಚ್ಚಿದ ಉಗ್ರಾಣಗಳನ್ನು ಒಡೆದು ಅಕ್ಕಿ ಹಂಚಿದವರೆಂದೇ ವಿಯೆಟ್ ಮಿನ್ ಹೋರಾಟಗಾರರಿಗೆ ಹಳ್ಳಿಗಳು ಬಾಗಿಲು ತೆರೆದವು. ನಾವು ಇದನ್ನು ಕಮ್ಯುನಿಸಂ ಎಂಬ ಒಂದೇ ಶಬ್ದದಲ್ಲಿ ಮಕ್ಕಳಿಗೆ ಬರೆಸಿಬಿಡುತ್ತೇವೆ.

ಅದಕ್ಕೆ ಒಂದೆರಡು ವರ್ಷ ಮೊದಲು, 1943ರಲ್ಲಿ, ಇದೇ ಯುದ್ಧದ ಕಾಲಕ್ಕೆ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತರು. ಅಲ್ಲಿಯೂ ಅನ್ನ ಉಣ್ಣುವ ಜನ, ಅಲ್ಲಿಯೂ ಪರರ ಆಳ್ವಿಕೆ. ಹನೋಯ್‌ನಲ್ಲಿ ಆ ಬರಗಾಲದಲ್ಲಿ ಸತ್ತವರ ಸ್ಮಾರಕವಿದೆ, ಮಗಳನ್ನು ಕರೆದುಕೊಂಡು ಹೋಗಿ ನೋಡಿದೆ. ಮನೆಗಳ ನಡುವಿನ ಸಣ್ಣ ಜಾಗ. ಪ್ರವಾಸಿಗರು ಯಾರೂ ಇರಲಿಲ್ಲ. ಯಾರೋ ಹಚ್ಚಿ ಹೋದ ಊದುಬತ್ತಿಯ ಬೂದಿ ಇತ್ತು.

ಆಮೇಲಿನ ಐದಾರು ದಿನ ನಡುನಾಡಿನಲ್ಲಿ ಕಳೆದವು. ಹ್ವೇ ಅರಮನೆ, ಹೋಯ್ ಆನ್ ಪಟ್ಟಣ ಎಲ್ಲ ಚೆಂದ. ಅವುಗಳ ವರ್ಣನೆ ಬೇರೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಮೀ ಸನ್ ಎಂಬಲ್ಲಿ ಚಂಪಾ ಅರಸರ ಶಿವಾಲಯಗಳನ್ನು ನೋಡಿದೆ. ನಮ್ಮ ಪುರಾತತ್ವ ಇಲಾಖೆಯವರು ಅವುಗಳ ಜೀರ್ಣೋದ್ಧಾರ ಮಾಡಿದ್ದಾರೆ. 2020ರಲ್ಲಿ ಕೆಲಸದ ನಡುವೆ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ಮಣ್ಣಿನಿಂದ ಎದ್ದಿತು. ಕೈಮುಗಿದೆ. ಅದೇ ಚಂಪಾದ ಬೇಗ ಮಾಗುವ ಬತ್ತದ ಬೀಜವನ್ನು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೀನಾದ ಸೋಂಗ್ ಚಕ್ರವರ್ತಿ ತನ್ನ ರೈತರಿಗೆ ಹಂಚಿಸಿದ್ದನೆಂದು ಓದಿದ್ದೆ. ಗುಡಿಗಳಿಗಿಂತ ಆ ಬೀಜವೇ ಹೆಚ್ಚು ದೂರ ಹೋಯಿತು.

ಇಲ್ಲಿ ನನ್ನ ಊಟದ ಕಷ್ಟವನ್ನೂ ಹೇಳಿಬಿಡಬೇಕು. ಮಾಂಸ ಬೇಡವೆಂದರೆ ಮಾಂಸ ತೆಗೆದುಕೊಡುತ್ತಾರೆ. ಆದರೆ ಪಲ್ಯೆಯಿಂದ ಹಿಡಿದು ಚಟ್ನಿಯವರೆಗೆ ಎಲ್ಲದರಲ್ಲಿ ‘ನೂಕ್ ಮಾಮ್’ ಎಂಬ ಮೀನಿನ ರಸ. ಸಣ್ಣ ಮೀನುಗಳನ್ನು ಉಪ್ಪು ಹಾಕಿ ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕೊಳೆಹಾಕಿ ಸೋಸುವ ರಸ ಅದು. ಅವರಿಗೆ ನಮ್ಮ ಉಪ್ಪು ಹುಳಿ ಇದ್ದಂತೆ. ಮಗಳು ಕಲಿಸಿದ ಒಂದು ಮಾತು ನನ್ನನ್ನು ಕಾಪಾಡಿತು: ‘ಆನ್ ಚಾಯ್’. ಶಾಕಾಹಾರಿ ಎಂದರ್ಥ. ನಮ್ಮ ಚಾಯ್ ಅಲ್ಲ! ಮೊದಲ ದಿನ ನಾನು ಚಹಾ ಕೇಳಿ, ಅವರು ಸೋಯಾ ಗಿಣ್ಣದ ತಟ್ಟೆ ತಂದಿಟ್ಟ ಪ್ರಸಂಗವೂ ನಡೆಯಿತು. ಬೌದ್ಧ ಧರ್ಮದಿಂದ ಬಂದ ಪದ್ಧತಿ ಇದು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಎಷ್ಟೋ ಜನ ಮಾಂಸ ಬಿಡುತ್ತಾರೆ. ನಮ್ಮ ಶ್ರಾವಣ ಸೋಮವಾರದ ಹಾಗೆ.

ಕಾಫಿಯ ವಿಷಯದಲ್ಲಿ ಮಾತ್ರ ಯಾವ ತಕರಾರೂ ಇಲ್ಲ. 1857ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ತಂದ ಗಿಡ. ಈಗ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಕಾಫಿ ಬೆಳೆಯುವವರು ಇವರೇ. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರ್ ಕೂರಿಸುತ್ತಾರೆ, ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತದೆ, ಕೆಳಗೆ ಡಬ್ಬಿಯ ಗಟ್ಟಿ ಹಾಲು ಕಾದಿರುತ್ತದೆ. ತಾಜಾ ಹಾಲು ಸಿಗದ ನಾಡಿನಲ್ಲಿ ಫ್ರೆಂಚರು ಕಂಡುಕೊಂಡ ಉಪಾಯ. ಚಿಕ್ಕಮಗಳೂರಿನವರು ಈ ಮಾತಿಗೆ ಸಿಟ್ಟಾಗಬಾರದು, ನಾನು ದಿನಕ್ಕೆ ಮೂರು ಸಲ ಕುಡಿದೆ.

ಏಪ್ರಿಲ್ 27ರ ರಾತ್ರಿ ಸೈಗಾನ್ ಮುಟ್ಟಿದೆವು. ಅಧಿಕೃತವಾಗಿ ಅದು ಹೋ ಚಿ ಮಿನ್ ನಗರ, ಆದರೆ ಅಲ್ಲಿನವರೂ ಮಾತಿನಲ್ಲಿ ಸೈಗಾನ್ ಎನ್ನುತ್ತಾರೆ. ಯುದ್ಧ ಮುಗಿದು ಐವತ್ತು ವರ್ಷ ತುಂಬುವ ಹಬ್ಬ ಮೂರೇ ದಿನಕ್ಕಿತ್ತು. ಬೀದಿ ಬೀದಿಗೆ ಕೆಂಪು ಬಾವುಟ, ಎಲ್ಲೆಲ್ಲೂ ಜನಜಾತ್ರೆ. ಮರುದಿನ ಅವರ ನಾಲ್ಕನೆಯ ತಿಂಗಳ ಮೊದಲ ದಿನ, ಶಾಕಾಹಾರದ ದಿನ. ನನ್ನ ಪುಣ್ಯ!

ಅಂದು ಬೆಳಿಗ್ಗೆ ನಾವು ಹೋದದ್ದು ‘ಫೋ ಬಿನ್’ ಎಂಬ ಸಣ್ಣ ಅಂಗಡಿಗೆ. ‘ಬಿನ್’ ಎಂದರೆ ಶಾಂತಿ. ಯುದ್ಧದ ಕಾಲದಲ್ಲಿ ಕೆಳಗಿನ ಅಂಗಡಿಯಲ್ಲಿ ಅಮೆರಿಕದ ಸೈನಿಕರು ಬಂದು ಫೋ ಉಣ್ಣುತ್ತಿದ್ದರು. ಮೇಲಿನ ಮಹಡಿಯಲ್ಲಿ ವಿಯೆಟ್ ಕಾಂಗ್‌ನ ಗುಪ್ತ ಕೇಂದ್ರ ಕೆಲಸ ಮಾಡುತ್ತಿತ್ತು. 1968ರ ಜನವರಿಯ ಕೊನೆಗೆ, ಅವರ ಹೊಸವರ್ಷದ ರಾತ್ರಿ, ಸೈಗಾನಿನ ಮೇಲೆ ದಾಳಿ ಮಾಡುವ ಆಜ್ಞೆ ಹೊರಟದ್ದು ಈ ಮಹಡಿಯಿಂದ. ಟೆಟ್ ದಾಳಿ ಎಂದು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಮೇಲೆ ಹೋಗಿ ಆ ಕೋಣೆ ನೋಡಿದೆ. ತಗ್ಗು ಮೇಜು, ಗೋಡೆಯ ತುಂಬ ಫೋಟೋ. ಕೆಳಗಿನಿಂದ ಚಕ್ರಮೊಗ್ಗಿನ ವಾಸನೆ ಬರುತ್ತಿತ್ತು.

ಮಧ್ಯಾಹ್ನಕ್ಕೆ ಗಾಡಿಯೊಂದರಲ್ಲಿ ‘ಬಾನ್ ಮೀ’ ಕೊಂಡೆವು. ಇದೇ ನಾನು ಸ್ಟಾಫ್ ರೂಮಿನಲ್ಲಿ ಹೇಳಿದ ಬ್ರೆಡ್ಡು. ಮೊಳದುದ್ದಕ್ಕಿಂತ ಕಡಿಮೆ, ಎರಡೂ ತುದಿ ಚೂಪು, ಮೇಲಿನ ಪೊರೆ ಹಪ್ಪಳದಂತೆ ಗರಿಗರಿ, ಒಳಗೆ ಹತ್ತಿ. ಹೊಟ್ಟೆ ಸೀಳಿ ಹುರಿದ ಸೋಯಾ ಗಿಣ್ಣ, ಹುಳಿಯಲ್ಲಿ ನೆನೆಸಿದ ಗಜ್ಜರಿ ಮೂಲಂಗಿ, ಸವತಿಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ತುಂಬಿದ್ದರು. ಇಪ್ಪತ್ತೈದು ಸಾವಿರ ಡಾಂಗ್. ಹೆದರಬೇಡಿ, ನಮ್ಮ ಎಂಬತ್ತು ರೂಪಾಯಿ. ಫ್ರೆಂಚರ ಕಾಲದಲ್ಲಿ ಬ್ರೆಡ್ಡು ಸಾಹೇಬರ ಮೇಜಿನ ಊಟ. 1954ರಲ್ಲಿ ದೇಶ ಹೋಳಾದಾಗ ಉತ್ತರದಿಂದ ಎಂಟು ಹತ್ತು ಲಕ್ಷ ಜನ ದಕ್ಷಿಣಕ್ಕೆ ವಲಸೆ ಬಂದರು. ಹೀಗೆ ಬಂದ ಒಂದು ಕುಟುಂಬ 1958ರಲ್ಲಿ ಸೈಗಾನಿನಲ್ಲಿ ತೆರೆದ ಅಂಗಡಿಯೇ ತಟ್ಟೆಯ ಬದಲಿಗೆ ಬ್ರೆಡ್ಡಿನ ಹೊಟ್ಟೆಯಲ್ಲೇ ಎಲ್ಲವನ್ನೂ ತುಂಬಿ ಕೈಗೆ ಕೊಡುವ ರೂಢಿಗೆ ಮೊದಲಾಯಿತೆಂದು ಹೇಳುತ್ತಾರೆ. 2011ರಲ್ಲಿ ‘ಬಾನ್ ಮೀ’ ಶಬ್ದ ಆಕ್ಸ್‌ಫರ್ಡ್ ನಿಘಂಟಿನೊಳಗೂ ಹೋಯಿತು.

ಬಿಸಿಲು ನಮ್ಮೂರಿನಂತೆಯೇ ಸುಡುತ್ತಿತ್ತು. ಬ್ರೆಡ್ಡು ಹಿಡಿದುಕೊಂಡೇ ಪಕ್ಕದ ಕಾಫಿ ಅಂಗಡಿಯೊಳಗೆ ನುಗ್ಗಿದೆವು. ಹಳೆಯ ಸಾಮಾನುಗಳನ್ನು ಗೋಡೆಗೆ ತೂಗುಹಾಕಿ ಅಲಂಕಾರ ಮಾಡಿದ ಅಂಗಡಿ: ರೇಡಿಯೊ, ಹೊಲಿಗೆ ಯಂತ್ರ, ಸೈಕಲ್ಲಿನ ದೀಪ. ಅವುಗಳ ನಡುವೆ ಗಾಜಿನ ಚೌಕಟ್ಟಿನಲ್ಲಿ ಒಂದು ಮಾಸಿದ ಬಿಳಿ ಹಿಟ್ಟಿನ ಚೀಲ. ಚೀಲದ ನಡುವೆ ಗುರಾಣಿಯಾಕಾರ, ಅದರೊಳಗೆ ಒಂದನ್ನೊಂದು ಹಿಡಿದ ಎರಡು ಕೈಗಳು.

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಆ ಎರಡು ಕೈಗಳು ನನಗೆ ಗೊತ್ತು. 1976-77ರ ಸುಮಾರಿಗೆ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ನಮಗೆ ಮಧ್ಯಾಹ್ನ ಗೋಧಿ ನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ‘ಕೇರ್’ ಸಂಸ್ಥೆಯ ಉಪ್ಪಿಟ್ಟು ಎಂದರೆ ನನ್ನ ವಯಸ್ಸಿನವರಿಗೆಲ್ಲ ನೆನಪಾದೀತು. ಹಳದಿ ಬಣ್ಣ, ಬೇರೆಯೇ ಒಂದು ಎಣ್ಣೆಯ ವಾಸನೆ. ಆ ಎಣ್ಣೆಯ ಡಬ್ಬಿಯ ಮೇಲೆ, ನುಚ್ಚಿನ ಚೀಲದ ಮೇಲೆ ಇದೇ ಕೈಗಳು. ಒಂದು ಕೈ ನಮ್ಮ ಹೆಡ್‌ಮಾಸ್ತರರದು, ಇನ್ನೊಂದು ಅಮೆರಿಕದವರದು ಎಂದು ನಾವು ನಂಬಿದ್ದೆವು. ಖಾಲಿ ಡಬ್ಬಿ ನಮ್ಮ ಮನೆಯಲ್ಲಿ ಬಹಳ ವರ್ಷ ನೀರು ಕಾಸಲಿಕ್ಕಿತ್ತು. ಸುಳ್ಳೇಕೆ ಹೇಳಲಿ, ಆ ಉಪ್ಪಿಟ್ಟು ನನಗೆ ಬಹಳ ಸೇರುತ್ತಿತ್ತು. ತಮ್ಮನ ಪಾಲಿನದನ್ನೂ ತಿಂದು ಪೆಟ್ಟು ತಿಂದದ್ದುಂಟು.

ಅಂಗಡಿಯ ಮಾಲೀಕ ಎಪ್ಪತ್ತರ ಹತ್ತಿರದವನು, ಹಳೆಯ ಇಂಗ್ಲಿಷ್ ಬಲ್ಲವನು. ಚೀಲದ ಬಗ್ಗೆ ಕೇಳಿದೆ. ಅವನು ಹುಡುಗನಾಗಿದ್ದಾಗ, ಯುದ್ಧದ ನಡುವೆ, ಅವನ ಶಾಲೆಯಲ್ಲಿಯೂ ಅಮೆರಿಕದ ಹಿಟ್ಟಿನ ಬ್ರೆಡ್ಡು, ಪುಡಿಯ ಹಾಲು ಕೊಡುತ್ತಿದ್ದರಂತೆ. ಅವನ ತಾಯಿ ಇಂಥ ಚೀಲಗಳಿಂದ ಅವನಿಗೆ ಚಡ್ಡಿ ಹೊಲಿದಿದ್ದಳಂತೆ. “ಕೈಗಳು ಯಾವಾಗಲೂ ಹಿಂದೆ ಬರುವಂತೆ ಹೊಲಿಯುತ್ತಿದ್ದಳು” ಎಂದು ತನ್ನ ಹಿಂಭಾಗ ತಟ್ಟಿ ನಕ್ಕ. ನಾನೂ ನಕ್ಕೆ. ನಾನೂ ಅದನ್ನೇ ತಿಂದು ದೊಡ್ಡವಳಾದೆ ಎಂದಾಗ ಅವನು ನನ್ನನ್ನು ನೋಡಿದ ರೀತಿ ಬೇರೆಯಾಯಿತು. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಪುಸ್ತಕಗಳನ್ನು ತೆಗೆದು ಕೂತೆ. ಬಿಡಿಬಿಡಿಯಾಗಿ ನನಗೆ ಗೊತ್ತಿದ್ದ ಸಂಗತಿಗಳೇ. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ, ಅಷ್ಟೇ. ಅಮೆರಿಕ ತನ್ನ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಕೊಡಲು 1954ರಲ್ಲಿ ಮಾಡಿದ ಕಾಯ್ದೆ ಪಿ.ಎಲ್. 480. ನಮ್ಮ ದೇಶ 1956ರಲ್ಲಿ ಆ ಒಪ್ಪಂದಕ್ಕೆ ಸಹಿ ಹಾಕಿತು. ದಕ್ಷಿಣ ವಿಯೆಟ್ನಾಮಿಗೂ ಅದೇ ಕಾಯ್ದೆಯಡಿ ಹಿಟ್ಟು, ಅಕ್ಕಿ, ಹಾಲಿನ ಪುಡಿ ಹೋಗುತ್ತಿತ್ತು. ಅಲ್ಲಿ ಅದನ್ನು ಪೇಟೆಯಲ್ಲಿ ಮಾರಿ ಬಂದ ಹಣದ ದೊಡ್ಡ ಪಾಲು ಸೈಗಾನ್ ಸರಕಾರದ ಸೈನ್ಯದ ಖರ್ಚಿಗೆ ಹೋಯಿತು. ಮೆಕಾಂಗ್ ನದಿಯ ಮುಖಜಭೂಮಿ ಎಂದರೆ ಅಕ್ಕಿಯ ಕಣಜ. 1964ರವರೆಗೂ ಹೊರದೇಶಕ್ಕೆ ಅಕ್ಕಿ ಮಾರುತ್ತಿದ್ದ ದಕ್ಷಿಣ ವಿಯೆಟ್ನಾಂ ಮರುವರ್ಷದಿಂದ ಅಕ್ಕಿಯನ್ನು ಕೊಳ್ಳಬೇಕಾಯಿತು. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ಸುರಿದ ವಿಷ ಕಾಡಿನ ಮೇಲಷ್ಟೇ ಬೀಳಲಿಲ್ಲ, ಬೆಳೆದು ನಿಂತ ಗದ್ದೆಗಳ ಮೇಲೂ ಬಿತ್ತು. ಒಂದು ಕೈ ಗದ್ದೆ ಸುಟ್ಟಿತು, ಇನ್ನೊಂದು ಹಿಟ್ಟು ಕೊಟ್ಟಿತು. ಚೀಲದ ಮೇಲಿದ್ದ ಎರಡು ಕೈಗಳು ಯಾರವೆಂದು ಈಗ ನನಗೆ ಬೇರೆಯೇ ಅನುಮಾನ.

ನಮ್ಮಲ್ಲಿ 1965ರಲ್ಲಿ ಮಳೆ ಕೈಕೊಟ್ಟಿತು, 1966ರಲ್ಲಿ ದೇಶದ ಬಹುಭಾಗದಲ್ಲಿ ಮತ್ತೆ ಕೈಕೊಟ್ಟಿತು. 1966ರ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ಬಂತು, ಬಹುಪಾಲು ಅಮೆರಿಕದಿಂದ. ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಕಾಲದ ಒಪ್ಪಂದ ಬಿಟ್ಟು ಹಡಗು ಹಡಗಿ‌ನ ಲೆಕ್ಕದಲ್ಲಿ ಗೋಧಿ ಬಿಡುತ್ತಿದ್ದರು. ಭಾರತ ತನ್ನ ಕೃಷಿಗೆ ಹೆಚ್ಚು ಹಣ ಹಾಕಲಿ ಎಂಬುದು ಒಂದು ಕಾರಣ. ಅದರ ಜೊತೆಗೇ ಇನ್ನೊಂದು ಇತ್ತು. 1966ರ ಜುಲೈನಲ್ಲಿ ಇಂದಿರಾ ಗಾಂಧಿಯವರು ಮಾಸ್ಕೋದಲ್ಲಿ, ಉತ್ತರ ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ಅಮೆರಿಕ ನಿಲ್ಲಿಸಬೇಕೆಂಬ ಜಂಟಿ ಹೇಳಿಕೆಗೆ ಸಹಿ ಹಾಕಿದರು. ಜಾನ್ಸನ್ ಕೆರಳಿದರು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಗೋಧಿಯ ಅನುಮತಿ ತಡವಾಗತೊಡಗಿತು; ಬಂದರಿನಲ್ಲಿ ಹಡಗಿನ ದಾರಿ ಕಾಯುವ ಸ್ಥಿತಿ ಬಂತು. ಮೂವತ್ತು ವರ್ಷ ನಾನು ‘ಹಸಿರು ಕ್ರಾಂತಿ’ಯನ್ನು ಒಂದು ಅಧ್ಯಾಯದಲ್ಲಿ, ವಿಯೆಟ್ನಾಮನ್ನು ಇನ್ನೊಂದರಲ್ಲಿ ಕಲಿಸಿದೆ. ನಡುವೆ ನಾಗರಿಕಶಾಸ್ತ್ರದ ಎರಡು ಪಾಠಗಳಿದ್ದವು.

ಆ ಗೋಧಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅದು ಬಾರದೆ ಹೋಗಿದ್ದರೆ ಬಿಹಾರದಲ್ಲಿ ಎಷ್ಟು ಜನ ಹೋಗುತ್ತಿದ್ದರೋ. ಕೈಗಳ ಆ ಗುರುತನ್ನು ಇಟ್ಟುಕೊಂಡು ಬಂದ ಅಮೆರಿಕದ ನೆರವು ಸಂಸ್ಥೆಯನ್ನು ಅವರದೇ ಸರಕಾರ 2025ರ ಜುಲೈ 1ಕ್ಕೆ ಮುಚ್ಚಿತು. ಸುದ್ದಿ ಓದಿದಾಗ, ವಿಚಿತ್ರವೆಂದರೆ, ನನಗೆ ಸ್ವಲ್ಪ ಕೆಡುಕೆನಿಸಿತು. ಉಪ್ಪಿಟ್ಟಿನ ಋಣ ಇರಬೇಕು.

ಅವ್ವನ ಕೊರಳಲ್ಲಿ ಬೋರಮಳ ಸರ ಇರಲಿಲ್ಲ. ಚಿಕ್ಕವಳಿದ್ದಾಗ ಕೇಳಿದರೆ ‘ಬರದಾಗ ಹೋತು’ ಎನ್ನುತ್ತಿದ್ದಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಕೂತು ಸರಿಯಾಗಿ ಕೇಳಿದೆ. ಯಾವ ವರ್ಷ? ನಿನ್ನ ಅಣ್ಣ ಮೊಲಿ ಕುಡಿಯೋ ವರ್ಷ ಎಂದಳು. ಅಣ್ಣ ಹುಟ್ಟಿದ್ದು 1966ರ ಆರಂಭದಲ್ಲಿ. ಯಾವ ತಿಂಗಳು? “ಶೀಗಿ ಹುಣ್ಣಿವಿ ಮುಂದ. ರೇಷನ್ ಅಂಗಡ್ಯಾಗ ಮೂರು ವಾರ ಮಾಲ ಬಂದಿದ್ದಿಲ್ಲ. ದಿನಾ ಹೋಗೂದು, ಕೀಲಿ ನೋಡೂದು, ಬರೂದು. ನನ್ನ ಎದಿಹಾಲು ಬತ್ತಿತು. ನಿಮ್ಮಪ್ಪ ಸರ ಒಯ್ದು ಸಾವಕಾರಗ ಕೊಟ್ಟು ಒಂದು ಚೀಲ ಜ್ವಾಳ ತಂದ್ರು.” ನಮ್ಮೂರ ಅಂಗಡಿಯ ಕೀಲಿಗೂ ವಾಷಿಂಗ್ಟನ್ನಿನ ಸಿಟ್ಟಿಗೂ ನೇರ ಸಂಬಂಧ ಇತ್ತೆಂದು ನಾನು ಹೇಳಲಾರೆ. ಇತಿಹಾಸ ಕಲಿಸುವವಳು ಹಾಗೆ ಜಿಗಿಯಬಾರದು. ಮಾಲು ಬಾರದಿರಲು ನೂರು ಕಾರಣಗಳಿರುತ್ತವೆ, ನಮ್ಮವರೇ ಮಾಡಿದ ಕಾರಣಗಳೂ ಇರುತ್ತವೆ. ತಾರೀಖುಗಳನ್ನು ಮಾತ್ರ ಪಕ್ಕ ಪಕ್ಕ ಬರೆದಿಟ್ಟಿದ್ದೇನೆ.

ಸೈಗಾನಿನ ಚೀಲದ ಕಥೆ, ಚಡ್ಡಿಯ ಕಥೆ, ಹನೋಯ್‌ನ ಹಿರಿಯಳು ರೊಟ್ಟಿ ಕಡಿದ ಕಥೆ ಎಲ್ಲವನ್ನೂ ಅವ್ವನಿಗೆ ಹೇಳಿದೆ. ಅಮೆರಿಕದ ರಾಜಕಾರಣವನ್ನೂ ತಿಳಿಯುವ ಹಾಗೆ ಬಿಡಿಸಿ ಹೇಳಿದೆ. ಅವಳು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ.

“ಆ ಗೋದ್ಯಾಗ ನುಸಿ ಇರ್ತಿತ್ತು” ಎಂದಳು. “ಅವರಿಗೆ ಬಂದದ್ರಾಗೂ ಇತ್ತೇನು?”

“ಕೇಳಲಿಲ್ಲ ಅವ್ವಾ.”

“ಕೇಳಬೇಕಿತ್ತು” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಮುದುಕಿಗೆ ಒಂದೇ ರೊಟ್ಟಿ ಕೊಟ್ಟಿ? ಅಷ್ಟು ಕಟ್ಟಿಕೊಟ್ಟಿದ್ದೆ, ಎಲ್ಲಾ ಅಕಿ ಮನ್ಯಾಗ ಇಟ್ಟು ಬರಬಾರದಿತ್ತ?” ಎಂದಳು.